ಮಾಮನ ಪಾಲು

ಈ ಆಷಾಢದಲ್ಲಿ ಮಾಜಾಳಿಗೆ ಹೋದಾಗ, ಮಾವಶಿಯ ಅಂಗಳಕ್ಕೆ ಕಾಲಿಡುವ ಮೊದಲೇ ಆ ವಾಸನೆ ನನ್ನನ್ನು ತಡೆದು ನಿಲ್ಲಿಸಿತು. ತಾರ್ಲೆ ಎಣ್ಣೆಯ ವಾಸನೆ. ತಾರ್ಲೆ ಮೀನನ್ನು ಕುದಿಸಿ ತೆಗೆಯುವ ಈ ಎಣ್ಣೆಯನ್ನು ನಮ್ಮ ಕಡೆ ಮಳೆ ಹಿಡಿಯುವ ಹೊತ್ತಿಗೆ ದಡಕ್ಕೆಳೆದ ದೋಣಿಗಳಿಗೆ ಬಳಿಯುತ್ತಾರೆ. ಹಲಗೆ ಬಿರಿಯಬಾರದು, ಮೊಳೆಯನ್ನು ಉಪ್ಪುಗಾಳಿ ತಿನ್ನಬಾರದು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಮೀನುಗಾರರ ಮನೆಯಲ್ಲಿ ಹುಟ್ಟಿದವರಿಗೆ ಅದು ಬಿಡುವಿನ ವಾಸನೆ, ಕಡಲು ವಿಶ್ರಾಂತಿ ಕೊಟ್ಟ ತಿಂಗಳುಗಳ ವಾಸನೆ. ನನಗೆ ಮಾತ್ರ ಕೆಲವು ವರ್ಷಗಳಿಂದ ಅದು ಒಂದು ಆರೋಪದ ವಾಸನೆಯಾಗಿದೆ. ನನ್ನ ಮಾವಶಿಯ ಮೇಲೆ, ಅವಳ ಒಡಹುಟ್ಟಿದವನೇ ಹೊರಿಸಿದ, ಇಂದಿಗೂ ಯಾರೂ ಹಿಂದಕ್ಕೆ ಪಡೆಯದ ಆರೋಪದ ವಾಸನೆ.

ನಾನು ಧಾರವಾಡದಲ್ಲಿ ಎಂ.ಎ. ಪರೀಕ್ಷೆ ಮುಗಿಸಿ ಫಲಿತಾಂಶಕ್ಕಾಗಿ ಕಾಯುತ್ತಿದ್ದ ಮಳೆಗಾಲದಲ್ಲಿ ನಡೆದದ್ದು ಅದು. ಸುಲೋಚನಾ ಮಾವಶಿ ನನ್ನ ಅಮ್ಮನ ಅಕ್ಕ. ಮಾಜಾಳಿಯ ದಡದಿಂದ ಸದಾಶಿವಗಡದವರೆಗೆ, ಅಲ್ಲಿಂದ ಚಿತ್ತಾಕುಲದ ಕೇರಿಗಳವರೆಗೆ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಕೂಸಾಗಿದ್ದ ತಮ್ಮನನ್ನು ಸೊಂಟದ ಮೇಲೆ, ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡೇ ಊರೂರು ತಿರುಗಿದ್ದಳು. ಆ ತಮ್ಮನೇ ಪಾಂಡು ಮಾಮ. ಆ ಹೊತ್ತಿಗೆ ಆತ ಊರಿನ ದೊಡ್ಡ ಮನುಷ್ಯ. ಕಡಲತೀರಕ್ಕೆ ಪ್ರವಾಸಿಗರನ್ನು ಕರೆತರಲೆಂದು ಕಟ್ಟಿಕೊಂಡ ಸಂಘವೊಂದರ ಕಾರ್ಯದರ್ಶಿ. ಆದರೆ ಊರು ಅವನನ್ನು ಗೌರವಿಸುತ್ತಿದ್ದುದು ಆ ಹುದ್ದೆಗಾಗಿ ಅಲ್ಲ. ಅವನು ಪಾಲು ಕರೆಯುವವನು ಎಂಬ ಕಾರಣಕ್ಕಾಗಿ.

ಈ ಪಾಲಿನ ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ನಮ್ಮ ದಡದಲ್ಲಿ ರಾಂಪಣಿ ಬಲೆಯನ್ನು ಊರಿಗೆ ಊರೇ ಸೇರಿ ಎಳೆಯುತ್ತದೆ. ಮೀನು ವ್ಯಾಪಾರಿಯ ಕೈಗೆ ಹೋಗುವ ಮುನ್ನ, ಎಳೆದ ಪ್ರತಿ ಮನೆಗೂ ಸಾರಿನ ಮೀನು ಎಂದು ಒಂದೊಂದು ರಾಶಿಯನ್ನು ಮರಳಿನ ಮೇಲೆ ಸಾಲಾಗಿ ಹಾಕುತ್ತಾರೆ. ಎಷ್ಟೇ ನ್ಯಾಯವಾಗಿ ಹಾಕಿದರೂ ಒಂದು ರಾಶಿಯಲ್ಲಿ ದುಬಾರಿ ಇಸೋಣ ಮೀನು ಬಿದ್ದಿರುತ್ತದೆ, ಇನ್ನೊಂದರಲ್ಲಿ ಬರೀ ಸಣ್ಣ ಮೀನು. ಆದ್ದರಿಂದ ಒಬ್ಬ ರಾಶಿಗಳಿಗೆ ಬೆನ್ನು ಹಾಕಿ, ಕಡಲಿಗೆ ಮುಖ ಮಾಡಿ ನಿಲ್ಲುತ್ತಾನೆ. ಇನ್ನೊಬ್ಬರು ಕೋಲಿನಿಂದ ಒಂದು ರಾಶಿಯನ್ನು ಮುಟ್ಟಿ "ಇದು ಯಾರಿಗೆ?" ಎಂದು ಕೇಳುತ್ತಾರೆ. ಅವನು ನೋಡದೆಯೇ ಒಂದು ಮನೆಯ ಹೆಸರು ಹೇಳುತ್ತಾನೆ. ಹೀಗೆ ಎಲ್ಲರದ್ದೂ ಮುಗಿದ ಮೇಲೆ ಉಳಿದ ಕೊನೆಯ ರಾಶಿ ಹೆಸರು ಕರೆದವನದು. ಅದು ಎಂಥದ್ದೇ ಇರಲಿ, ಅವನು ಒಪ್ಪಲೇಬೇಕು. ಒಮ್ಮೆ ಹೆಸರು ಬಿದ್ದ ರಾಶಿಯನ್ನು ಬೇರೆಯವರು ಮುಟ್ಟುವಂತಿಲ್ಲ. ಯಜಮಾನ ಬಂದು ಒಯ್ಯುವವರೆಗೆ ಯಾರಾದರೂ ಕಾಯ್ದಿಡಬೇಕು. ವರ್ಷಗಟ್ಟಲೆ ಕಡಲಿಗೆ ಮುಖ ಮಾಡಿ ನಿಂತವನು ಪಾಂಡು ಮಾಮ. ನ್ಯಾಯ ಎಂದರೆ ಏನು ಎಂದು ನಾನು ವಿಶ್ವವಿದ್ಯಾಲಯದಲ್ಲಿ ದಪ್ಪ ದಪ್ಪ ಪುಸ್ತಕಗಳಲ್ಲಿ ಓದಿದ್ದೇನೆ. ಓದುವಾಗಲೆಲ್ಲ ನನ್ನ ಕಣ್ಣ ಮುಂದೆ ಇರುತ್ತಿದ್ದುದು ಮಾಮನ ಆ ಅಗಲವಾದ ಬೆನ್ನು.

ಆ ವರ್ಷ ಸಂಘದ ಕೈಗೆ ಒಂದು ವಿಚಿತ್ರ ವಾಹನ ಬಂದಿತ್ತು. ಎಂಜಿನ್ ಇಲ್ಲದ, ಜೀಪಿನ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಗಾಡಿ; ಒಳಗೆ ಒಲೆ, ಹಲಗೆಮಂಚ, ಪುಟ್ಟ ಕಿಟಕಿಗಳು. ಎಂದೋ ಗೋವಾ ದಾರಿಯಲ್ಲಿ ಬಂದ ಪರದೇಶದ ದಂಪತಿ ಅದನ್ನು ಮಾಜಾಳಿಯ ತೆಂಗಿನ ತೋಟದಲ್ಲಿ ಬಿಟ್ಟು ಹೋಗಿದ್ದರಂತೆ. ದುಂಡಗೆ, ಬಿಳಿಚಾಗಿ, ಮೈತುಂಬ ಗೆರೆಗಳಿದ್ದ ಅದಕ್ಕೆ ಊರಿನವರು ಕಾಳಿ ನದಿಯ ಚಿಪ್ಪುಮೀನಿನ ಹೆಸರಿಟ್ಟು 'ಕುಬ್ಬೆಗಾಡಿ' ಎನ್ನುತ್ತಿದ್ದರು. ಅದನ್ನು ದುರಸ್ತಿ ಮಾಡಿಸಿ ಮೀನೂಟದ ಗಾಡಿಯಾಗಿ ಮಾಡಿ ಮಾವಶಿ ಮತ್ತು ಅವಳ ಜತೆಯ ಹೆಂಗಸರಿಗೆ ನಡೆಸಲು ಕೊಡುವುದು ಎಂದು ಸಂಘ ತೀರ್ಮಾನಿಸಿತು. ನಾರಳಿ ಹುಣ್ಣಿಮೆಯ ದಿನ, ಕಡಲಿಗೆ ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸುವ ದಿನವೇ, ಕಾರವಾರದ ಕಡಲತೀರದಲ್ಲಿ ಅದರ ಉದ್ಘಾಟನೆ ಎಂದು ಮಾಮ ಘೋಷಿಸಿದ. ದೊಡ್ಡವರೊಬ್ಬರು ಬರುತ್ತೇನೆಂದು ಒಪ್ಪಿದ್ದರು.

"ಈ ಬುಟ್ಟಿ ಇಳಿಸೂದು ಕಾಣ್ತದೆ ಬಾಯ್," ಎಂದು ಮಾವಶಿ ಆ ಸಂಜೆ ನೆತ್ತಿ ಮುಟ್ಟಿಕೊಂಡು ಹೇಳಿದಳು. ಬುಟ್ಟಿಯ ಸಿಂಬಿ ಕೂತು ಕೂತು ಅಲ್ಲಿ ಕೂದಲು ತೆಳುವಾಗಿತ್ತು. "ಕುಳಿತು ಮೀನು ಕರೀಬೇಕು, ಜನ ನಿಂತು ತಿನ್ನಬೇಕು. ಇಷ್ಟು ವರ್ಷ ಅವರು ಕುಂತಿದ್ರು, ನಾ ನಿಂತಿದ್ದೆ."

ಜೂನ್ ಹತ್ತಿತು. ಮೀನುಗಾರಿಕೆಗೆ ನಿಷೇಧದ ತಿಂಗಳು. ದೋಣಿಗಳೆಲ್ಲ ಮಡಲು ಹೊದ್ದು ಮಲಗಿದವು. ಕುಬ್ಬೆಗಾಡಿಯನ್ನು ಮಾವಶಿಯ ಅಂಗಳಕ್ಕೆ ತಂದು ನಿಲ್ಲಿಸಿದರು. ಮಾಮ ಅಂಕೋಲೆಯ ಬಾಳೆಗುಳಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಬೀರಣ್ಣನನ್ನು ಕರೆತಂದ. ಬೀರಣ್ಣ ಬಾಯಿಬಡುಕ, ಕೆಲಸ ಮಾಡುವುದಕ್ಕಿಂತ ಕೆಲಸದ ಬಗ್ಗೆ ಮಾತಾಡುವುದು ಅವನಿಗೆ ಹೆಚ್ಚು ಪ್ರಿಯ. ಚಿರೆಕಲ್ಲುಗಳ ಮೇಲೆ ಗಾಡಿಯನ್ನು ಎತ್ತಿ ನಿಲ್ಲಿಸಿ, ಚಕ್ರ ಕಳಚಿ, ಅದರ ಹಿಂದಿನ ಬಾಂಡಲೆಯಂಥ ಡ್ರಮ್ಮನ್ನು ಸುತ್ತಿಗೆಯಿಂದ ಬಡಿದು ಬಡಿದು ಹೊರತೆಗೆದ. ಒಳಗೆ ಅರ್ಧಚಂದ್ರದ ಆಕಾರದ ಎರಡು ಬ್ರೇಕ್ ಶೂಗಳು. ಅವುಗಳ ಮೈಗೆ ಅಂಟಿಸಿದ ಲೈನಿಂಗ್ ಸವೆದು ಕಾಗದದಷ್ಟು ತೆಳುವಾಗಿತ್ತು.

"ಇದು ಬ್ರೇಕಲ್ಲ ಮಾರಾಯ್ರೆ, ಬ್ರೇಕಿನ ನೆನಪು," ಎಂದ ಬೀರಣ್ಣ. ಗಾಡಿಯ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟ. ಅದು ತೊಟ್ಟಿಲಿನಂತೆ ತೂಗುತ್ತಲೇ ಇತ್ತು. "ಶಾಕಾಬ್ಸರೂ ಸತ್ತದೆ. ಎಲ್ಲ ಹೊಸದು ಹಾಕೂದೇ. ಇಂಥಾದ್ದಕ್ಕೆ ಸಾಮಾನು ಇಲ್ಲಿ ಸಿಗೂದಿಲ್ಲ, ತರಿಸ್ಬೇಕು."

"ತರಿಸು," ಎಂದ ಮಾಮ. "ಹುಣ್ಣಿಮೆಗೆ ಗಾಡಿ ನಿಲ್ಲಬೇಕು."

"ನಿಲ್ಲೂಕೇ ಅಲ್ಲಾ ಬ್ರೇಕು ಇರೂದು?" ಎಂದು ಬೀರಣ್ಣ ತನ್ನ ಮಾತಿಗೆ ತಾನೇ ನಕ್ಕ.

ಅಳತೆ ತೆಗೆದುಕೊಂಡು, ತೆರೆದಿಟ್ಟ ಬ್ರೇಕುಗಳ ಮೇಲೆ ಗೋಣಿಚೀಲ ಹೊದಿಸಿ ಅವನು ಹೋದ. ಮಳೆ ಅಂದೇ ಬಿರುಸಾಯಿತು. ಎರಡು ದಿನ ಕಳೆದು ಮಾವಶಿ ಗೋಣಿ ಸರಿಸಿ ನೋಡಿದರೆ ಬೆತ್ತಲೆ ಕಬ್ಬಿಣದ ಮೇಲೆಲ್ಲ ಕೆಂಪು ಪುಡಿ. ಅವಳಿಗೆ ಸಂಕಟವಾಯಿತು. ಉಪ್ಪುಗಾಳಿಗೆ ಮೈಬಿಟ್ಟ ಕಬ್ಬಿಣವನ್ನು ಕಂಡರೆ ನಮ್ಮ ಹೆಂಗಸರು ಏನು ಮಾಡುತ್ತಾರೋ ಅದನ್ನೇ ಅವಳು ಮಾಡಿದಳು. ತಾರ್ಲೆ ಎಣ್ಣೆಯ ಡಬ್ಬಿ ತಂದು, ತೆಂಗಿನ ಸಿಪ್ಪೆಯನ್ನು ಜಜ್ಜಿ ಮಾಡಿದ ಕುಂಚದಿಂದ ಸ್ಪ್ರಿಂಗು, ಶೂ, ಲೈನಿಂಗು ಒಂದನ್ನೂ ಬಿಡದೆ ಬಳಿದಳು. ಕೂಸಿಗೆ ಎಣ್ಣೆ ಹಚ್ಚುವಷ್ಟು ಅಕ್ಕರೆಯಿಂದ.

ಮರುವಾರ ಬೀರಣ್ಣ ಬಂದು ಗೋಣಿ ತೆಗೆದವನೇ ಹಿಂದಕ್ಕೆ ಹಾರಿದ. "ಅಯ್ಯೋ ಅಕ್ಕೋರೆ! ಇದೆಂತಾ ವಾಸನೆ! ಬ್ರೇಕಿಗೆ ಎಣ್ಣೆ ಹಚ್ಚಿದ್ರೆ ಗಾಡಿ ಹಿಡೀತದಾ? ಇದು ದೋಣಿ ಅಲ್ಲ!"

ಅಂಗಳದಲ್ಲಿ ನೆರೆದವರೆಲ್ಲ ನಕ್ಕರು. ಮಾವಶಿ ಸೆರಗು ಬಾಯಿಗಿಟ್ಟುಕೊಂಡು ತಾನೂ ನಕ್ಕಳು. "ನಂಗೇನು ಗೊತ್ತು ಮಾರಾಯ? ಕಬ್ಬಿಣ ಅಳ್ತಾ ಇತ್ತು, ಹಚ್ಚಿದೆ. ಈಗ ಸೋಪು ಹಾಕಿ ತೊಳೀಲಾ?"

ಎಲ್ಲರಿಗಿಂತ ಜೋರಾಗಿ ನಕ್ಕವನು ಪಾಂಡು ಮಾಮ. "ತೊಳೆಯೂದು ಬೇಡ ಅಕ್ಕಾ. ಲೈನಿಂಗು ಎಣ್ಣೆ ಕುಡಿದ ಮೇಲೆ ಅದು ಕಸ. ಹ್ಯಾಂಗೂ ಹೊಸದು ಬರ್ತದೆ, ನೀ ಚಿಂತೆ ಮಾಡಬೇಡ," ಎಂದು ಅಕ್ಕನ ಹೆಗಲು ತಟ್ಟಿದ.

ಈ ಮಾತನ್ನು ನಾನು ಕೇಳಿದ್ದೇನೆ. ಅಂಗಳದ ಜನ ಕೇಳಿದ್ದಾರೆ. ಎಣ್ಣೆ ಹಚ್ಚಿದ್ದು ಯಾರಿಂದಲೂ ಮುಚ್ಚಿಟ್ಟ ಸಂಗತಿಯಾಗಿರಲಿಲ್ಲ; ಅದು ಆ ಮಳೆಗಾಲದುದ್ದಕ್ಕೂ ಊರಿನ ನಗೆಚಾಟಿಕೆಯಾಗಿತ್ತು. ಬೀರಣ್ಣ ಡ್ರಮ್ಮುಗಳನ್ನು ತಾತ್ಕಾಲಿಕವಾಗಿ ಮತ್ತೆ ಮುಚ್ಚಿ, ಗಾಡಿಯನ್ನು ಬಲು ನಿಧಾನವಾಗಿ ಬಾಳೆಗುಳಿಗೆ ಎಳೆದುಕೊಂಡು ಹೋದ. ಜುಲೈ ಪೂರ್ತಿ ಅದು ಅವನ ಗ್ಯಾರೇಜಿನಲ್ಲಿತ್ತು. ಮಾವಶಿ ಅಷ್ಟರಲ್ಲಿ ಮಸಾಲೆ ಅರೆಯುವ ಕಲ್ಲಿಗೆ ಉಳಿಯೇಟು ಹಾಕಿಸಿದಳು, ಕೋಕಂ ಒಣಗಿಸಿದಳು, ಗಾಡಿಯ ಕಿಟಕಿಗೆ ಹಳೆ ಸೀರೆಯ ಪರದೆ ಹೊಲಿದಳು.

ನಾರಳಿ ಹುಣ್ಣಿಮೆಯ ಬೆಳಿಗ್ಗೆ ಮಳೆ ಹಿಂಜರಿದಿತ್ತು. ಗಾಡಿಯನ್ನು ತರಲು ಜೀಪು ತೆಗೆದುಕೊಂಡು ಹೊರಟವನು ದತ್ತಾ, ನಮ್ಮ ಕೇರಿಯ ಹುಡುಗ, ನುರಿತ ಚಾಲಕ. ಮಾವಶಿ ಹಟ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತಳು, ಮಡಿಲಲ್ಲಿ ಗಾಡಿಯ ಮುಂದೆ ಒಡೆಯಲು ತೆಂಗಿನಕಾಯಿ. ನಾನು ಹಿಂದೆ. ಬಾಳೆಗುಳಿಯಲ್ಲಿ ಕುಬ್ಬೆಗಾಡಿಯ ಗುರುತೇ ಸಿಗಲಿಲ್ಲ. ಹಾಲುಬಿಳಿ ಬಣ್ಣ, ನೀಲಿ ಅಲೆಗಳ ಚಿತ್ರ, ಸಂಘದ ಹೆಸರಿನ ದೊಡ್ಡ ಫಲಕ. ಬಗ್ಗಿ ನೋಡಿದೆ: ಶಾಕ್‌ಅಬ್ಸಾರ್ಬರ್‌ಗಳು ಕಪ್ಪಗೆ ಮಿರಮಿರ ಮಿನುಗುತ್ತಿದ್ದವು. "ಬ್ರೇಕು ಹೊಸದು, ಶಾಕಾಬ್ಸರ್ ಹೊಸದು, ರಾಣಿ ಹಾಗೆ ಬಾ ಅಕ್ಕಾ," ಎಂದು ಮಾಮ ಫೋನಿನಲ್ಲಿ ಕೂಗಿದ್ದು ನನಗೂ ಕೇಳಿಸಿತು. ಬೀರಣ್ಣ ಎಂದಿನಂತೆ ಮಾತಾಡಲಿಲ್ಲ. ಅಂದು ನಾನು ಅದನ್ನು ಹಬ್ಬದ ಅವಸರ ಎಂದುಕೊಂಡೆ.

ಇಂಥ ಗಾಡಿಯ ಬ್ರೇಕಿನ ವಿಧಾನ ಸರಳ. ಜೀಪು ನಿಧಾನಿಸಿದಾಗ ಹಿಂದಿನ ಗಾಡಿ ತನ್ನ ಭಾರದಿಂದ ಮುಂದಕ್ಕೆ ಒತ್ತುತ್ತದೆ. ಆ ಒತ್ತಡವೇ ಕೊಂಡಿಯ ಸರಳನ್ನು ತಳ್ಳಿ ಗಾಡಿಯ ಚಕ್ರಗಳಿಗೆ ಬ್ರೇಕು ಹಿಡಿಸುತ್ತದೆ. ಅಂದರೆ ತನ್ನ ಭಾರಕ್ಕೆ ಗಾಡಿ ತಾನೇ ಹೊಣೆ ಹೊರಬೇಕು. ಅದು ಹೊರದಿದ್ದರೆ ಎಲ್ಲ ಭಾರವೂ ಮುಂದಿದ್ದವರ ಬೆನ್ನಿಗೆ.

ಅವರ್ಸಾ ದಾಟುವಾಗ ದತ್ತಾನ ಮುಖ ಬಿಗಿಯಿತು. "ಹಿಂದಿಂದ ತಳ್ತಾ ಅದೆ ಮಾವಶಿ. ನಾ ಹಿಡಿದ್ರೂ ಅದು ಹಿಡೀತಿಲ್ಲ." ಜೀಪು ಬದಿಗೆ ನಿಲ್ಲಿಸಿ ಮಾಮನಿಗೆ ಫೋನು ಮಾಡಿದ. ಧ್ವನಿವರ್ಧಕದಲ್ಲಿ ಹಾಕಿದ್ದರಿಂದ ಮೂವರೂ ಕೇಳಿದೆವು.

"ಹೊಸ ಬ್ರೇಕು ಮಾರಾಯ, ಸ್ವಲ್ಪ ಓಡಿದ ಮೇಲೆ ಕೂಡ್ತದೆ," ಎಂದ ಮಾಮ. ಹಿಂದೆ ಬ್ಯಾಂಡಿನ ಸದ್ದು. "ಸಾಹೇಬ್ರು ಬಂದಾಯ್ತು. ನೀ ಬಾ."

"ಘಟ್ಟ ಅದೆ ಮುಂದೆ, ಮಾಮಾ."

"ಬಾ ಅಂದ್ನಲ್ಲ!"

ಬಿಣಗಾ ಘಟ್ಟ ಏರುವಾಗ ಏನೂ ಆಗಲಿಲ್ಲ. ಇಳಿಜಾರು ಶುರುವಾಗಿ, ಎಡಕ್ಕೆ ಕಡಲು ತೆರೆದುಕೊಳ್ಳುವ ತಿರುವಿನಲ್ಲಿ ನಾನು ಹಿಂದಿನ ಗಾಜಿನಿಂದ ಕಂಡೆ: ಕುಬ್ಬೆಗಾಡಿ ಬಾಲ ಬೀಸತೊಡಗಿತ್ತು. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಪ್ರತಿ ಬೀಸಿಗೂ ಇನ್ನಷ್ಟು ಅಗಲವಾಗಿ, ಕುಣಿದು ಕುಣಿದು. ಕುಣಿತವನ್ನು ಹಿಡಿದು ನಿಲ್ಲಿಸಬೇಕಾದ್ದು ಶಾಕ್‌ಅಬ್ಸಾರ್ಬರ್. ಓಟವನ್ನು ಹಿಡಿದು ನಿಲ್ಲಿಸಬೇಕಾದ್ದು ಬ್ರೇಕು. ಎರಡೂ ಹೊಸವು ಎಂದು ನಂಬಿ ಕುಳಿತಿದ್ದ ನಮ್ಮ ಬೆನ್ನಿಗೆ ಆ ಬಿಳಿ ಗೋಡೆ ಗುದ್ದುತ್ತಿತ್ತು. ದತ್ತಾ ಕಡಲ ಬದಿಯ ಪ್ರಪಾತವನ್ನು ಬಿಟ್ಟು ಜೀಪನ್ನು ಬೆಟ್ಟದ ಬದಿಯ ಮಣ್ಣಿಗೆ ಒತ್ತಿದ. ನಾವು ಬದುಕಿದ್ದು ಅವನ ಆ ಒಂದು ನಿರ್ಧಾರದಿಂದ. ತೆಂಗಿನಕಾಯಿ ಕಾಪಾಡಿಕೊಳ್ಳಲು ಹೋಗಿ ಮಾವಶಿ ಬಲಗೈ ಮುಂದೆ ಚಾಚಿದ್ದಳು. ಮಣಿಕಟ್ಟಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಬಿಸಿಯಾದ ಚಕ್ರಗಳಿಂದ ಹೊಗೆ ಏಳುತ್ತಿತ್ತು. ತಾರ್ಲೆ ಕರಿದ ಬಾಣಲೆಯಂಥ ವಾಸನೆ ಇಡೀ ತಿರುವನ್ನು ತುಂಬಿತು. ಸ್ವಲ್ಪ ಹೊತ್ತಿಗೆ ಮಾಮ ಬಂದ, ಹೆಗಲಿಗೆ ಉದ್ಘಾಟನೆಯ ಶಾಲು ಹಾಗೆಯೇ ಇತ್ತು. ಅವನ ಹಿಂದೆ ಸಂಘದವರು, ನೋಡಲು ನಿಂತ ಜನ. ಮಾವಶಿ ರಸ್ತೆ ಬದಿಯ ಕಲ್ಲಿನ ಮೇಲೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅವಳು ತಲೆ ಎತ್ತಿ, "ಪಾಂಡು, ಬಂದೆಯಾ," ಎಂದಳು. ಆ ದನಿಯಲ್ಲಿ ಎಷ್ಟು ಸಮಾಧಾನವಿತ್ತೆಂದರೆ, ಅದನ್ನು ನೆನೆದರೆ ನನಗೆ ಇಂದಿಗೂ ರಕ್ತ ಕುದಿಯುತ್ತದೆ.

ಮಾಮ ಅವಳ ಬಳಿ ಹೋಗಲಿಲ್ಲ. ಚಕ್ರದ ಬಳಿ ಬಗ್ಗಿದ. ಮೂಸಿದ. ನಿಧಾನವಾಗಿ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ:

"ಮೀನೆಣ್ಣೆ! ಅಕ್ಕಾ, ಏನ ಮಾಡಿದೆ ನೀನು! ಬ್ರೇಕಿಗೆ ಎಣ್ಣೆ ಹಚ್ಚಬೇಡ ಅಂದಿದ್ನಲ್ಲ!"

ಮಾವಶಿ ಬಾಯಿ ತೆರೆದಳು. ಅವಳು ನಿಜವಾಗಿ ಹಚ್ಚಿದ್ದಳಲ್ಲ! ಒಂದು ಸತ್ಯವನ್ನೇ ತೆಗೆದುಕೊಂಡು ಅದಕ್ಕೆ ಒಂದು ಸುಳ್ಳನ್ನು ಹೊಲಿದರೆ ಮುಗ್ಧರು ಹೀಗೆಯೇ ಮೂಕರಾಗುತ್ತಾರೆ. ಸಂಜೆಯ ಹೊತ್ತಿಗೆ ಕಾರವಾರದ ಪೇಟೆಯಿಂದ ಮಾಜಾಳಿಯವರೆಗೆ ಒಂದೇ ಮಾತು: ಸುಲೋಚನಾ ಎಣ್ಣೆ ಹಚ್ಚಿ ಗಾಡಿ ಬೀಳಿಸಿದಳಂತೆ. ಸಂಘದವರು ಸಭೆ ಸೇರಿ, ತಿಳಿವಳಿಕೆ ಇಲ್ಲದವರ ಕೈಗೆ ಗಾಡಿ ಕೊಡುವುದು ಅಪಾಯ ಎಂದು ತೀರ್ಮಾನಿಸಿದರು.

ಅವಳ ಕೈಗೆ ಕಟ್ಟು ಹಾಕಿಸಿ ಬಂದ ಮೇಲೆ ನಾನು ಬಾಳೆಗುಳಿಗೆ ಹೋದೆ. ಗಾಡಿ ಮತ್ತೆ ಬೀರಣ್ಣನಲ್ಲಿತ್ತು. ಈ ಬಾರಿ ಸಾಮಾನು ನಿಜವಾಗಿ ಬಂದಿತ್ತು. ಅವನು ಬೇಡವೆನ್ನಲಿಲ್ಲ, ನಾನು ಒಂದು ಹಳೆ ಟೈರಿನ ಮೇಲೆ ಕುಳಿತು ಆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೂ ನೋಡಿದೆ. ಒಂದು ಬದಿಯ ಚಕ್ರಕ್ಕೆ ಕಲ್ಲು ಕೊಟ್ಟು, ಅಚ್ಚಿನ ಕೆಳಗೆ ದಿಮ್ಮಿ ಇಟ್ಟು, ಚಕ್ರ ತೆಗೆದು, ಡ್ರಮ್ಮು ಎಳೆದ. ಎಳೆದೊಡನೆ ಆ ವಾಸನೆ. ಒಳಗೆ ಕಾಗದದಷ್ಟು ತೆಳುವಾದ ಲೈನಿಂಗು, ಎಣ್ಣೆ ಕುಡಿದು ಕಪ್ಪಾಗಿ, ಅಂಚಿನಲ್ಲಿ ತೆಂಗಿನ ನಾರಿನ ಒಂದೆರಡು ಎಳೆಗಳು ಸುಟ್ಟು ಅಂಟಿಕೊಂಡಿದ್ದವು.

ಮಾವಶಿಯ ಕುಂಚದ ಎಳೆಗಳು.

ನಾನು ಎದ್ದು ನಿಂತೆ. ಅವಳು ಎಣ್ಣೆ ಹಚ್ಚಿದ್ದು ಜೂನಿನಲ್ಲಿ, ತನ್ನ ಅಂಗಳದಲ್ಲಿ, ಹಳೆಯ ಶೂಗಳಿಗೆ. ಅದಾದ ಮೇಲೆ ಗಾಡಿಯನ್ನು ಅವಳು ಮುಟ್ಟಿಯೇ ಇರಲಿಲ್ಲ. ಹೊಸದು ಹಾಕಿದ್ದೇ ಆಗಿದ್ದರೆ ಆ ಎಣ್ಣೆ ಬಾಳೆಗುಳಿಯ ಗುಜರಿಯಲ್ಲಿ ಇರಬೇಕಿತ್ತು, ಬಿಣಗಾ ಘಟ್ಟದಲ್ಲಿ ಅಲ್ಲ. ಮಾಮ ಅಕ್ಕನ ವಿರುದ್ಧ ಎತ್ತಿ ಹಿಡಿದ ವಾಸನೆಯೇ ಅವನ ವಿರುದ್ಧದ ಸಾಕ್ಷಿಯಾಗಿತ್ತು.

"ಬೀರಣ್ಣ, ಇವು ಹಳೇ ಶೂ."

ಅವನು ಕೈ ಒರೆಸಿಕೊಂಡ.

"ಸಾಮಾನು ಹುಣ್ಣಿಮೆಗೆ ಬರೂದಿಲ್ಲ ಅಂತ ಮೊದಲೇ ಹೇಳಿದೆ ತಂಗಿ. ದಿನ ಮುಂದೆ ಹಾಕಿ ಅಂದೆ. ನಿಮ್ಮ ಮಾಮ, ಸಾಹೇಬ್ರು ಮತ್ತೆ ಯಾವಾಗ ಸಿಗೂದು ಅಂದ್ರು. ಬಣ್ಣ ಹೊಡೆ, ಆಮೇಲೆ ಹಾಕೂವಾ ಅಂದ್ರು."

"ನೀವು ಹೊಡೆದಿರಿ."

"ಹೊಡ್ದೆ," ಎಂದ ಅವನು. ಮೊದಲ ಬಾರಿಗೆ ಒಂದೇ ಶಬ್ದದಲ್ಲಿ ಉತ್ತರ ಕೊಟ್ಟಿದ್ದ.

ಶಾಕ್‌ಅಬ್ಸಾರ್ಬರ್‌ಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ. ಉಗುರಿನಿಂದ ಗೀರಿದರೆ ಕಪ್ಪು ಬಣ್ಣ ಸಿಪ್ಪೆಯಂತೆ ಎದ್ದು ಕೆಳಗೆ ತುಕ್ಕು. ಒತ್ತಿದರೆ ಖಾಲಿ ಪಿಚಕಾರಿಯಂತೆ ಸರ್ರನೆ ಒಳಹೋಗುತ್ತಿತ್ತು, ಸರ್ರನೆ ಹೊರಬರುತ್ತಿತ್ತು. ಹೊಸದನ್ನು ಒತ್ತಲು ನನ್ನ ಮೈಭಾರವೆಲ್ಲ ಬೇಕಾಯಿತು. ಅದು ಮಣಿಯಿತು, ಆದರೆ ತನ್ನದೇ ನಿಧಾನದಲ್ಲಿ, ಗೌರವದಿಂದ ಮಣಿಯಿತು. ಬೀರಣ್ಣ ಡ್ರಮ್ಮಿನ ಒಳಮೈಯನ್ನು ಪೆಟ್ರೋಲು ಬಟ್ಟೆಯಿಂದ ಒರೆಸಿ ಒರೆಸಿ ತೊಳೆದ, ಹೊಸ ಶೂಗಳನ್ನು ಕೂಡಿಸಿ ಸ್ಪ್ರಿಂಗು ಕೊಕ್ಕೆಗೆ ಸಿಕ್ಕಿಸಿದ, ಚಕ್ರ ಹಾಕಿ ತಿರುಗಿಸಿ ಕಿವಿಗೊಟ್ಟ. ಸುತ್ತಿಗೊಮ್ಮೆ ಸಣ್ಣಗೆ ಉಜ್ಜುವ ಸದ್ದು ಬರುವವರೆಗೆ ಬಿಗಿ ಮಾಡಿದ. ಕೊಂಡಿಯನ್ನು ಒತ್ತಿದಾಗ ಚಕ್ರ ಗಕ್ಕನೆ ನಿಂತಿತು.

ಇಷ್ಟೇ. ಒಂದು ಮಧ್ಯಾಹ್ನದ ಕೆಲಸ. ಇಷ್ಟನ್ನು ಮಾಡುವವರೆಗೆ ಒಬ್ಬ ದೊಡ್ಡವರ ಭೇಟಿಯನ್ನು ಮುಂದೂಡಲಾರದೆ ಮಾಮ ತನ್ನನ್ನು ಸಾಕಿದವಳನ್ನು ಘಟ್ಟದಿಂದ ಇಳಿಸಿದ್ದ.

"ಈ ಹಳೇದು ನನಗೆ ಬೇಕು," ಎಂದೆ.

"ಒಯ್ಯಿ. ನಾ ಕೊಟ್ಟೆ ಅಂತ ಹೇಳಬೇಡ." ಆಮೇಲೆ ಏನು ಅನ್ನಿಸಿತೋ, ಗೋಣಿಚೀಲದ ಬಾಯನ್ನು ತಾನೇ ಕಟ್ಟಿಕೊಟ್ಟ. "ಹೇಳಿದ್ರೂ ಹೇಳು."

ಮಾಮನ ಮನೆಗೆ ಹೋಗಿ ಎಲ್ಲವನ್ನೂ ಅವನ ಮುಖಕ್ಕೇ ಹೇಳಿದೆ. ಅವನು ಕೋಪಗೊಳ್ಳಲಿಲ್ಲ, ಚಹಾ ತರಿಸಿದ. "ಎಂ.ಎ. ಓದಿದ್ರೆ ಬ್ರೇಕೂ ಕಲಿಸ್ತಾರಾ ಪ್ರೊಫೆಸರ್ ಬಾಯಿ?" ಎಂದು ನಕ್ಕ. ನಾನು ನಗದಿದ್ದುದನ್ನು ಕಂಡು ದನಿ ತಗ್ಗಿಸಿದ: "ನೋಡು, ಸಂಘದ ಹೆಸರು ಹಾಳಾದ್ರೆ ನಾಳೆ ಊರಿಗೆ ಏನೂ ಬರೂದಿಲ್ಲ. ಅಕ್ಕನ ಹೆಸರಿಗೆ ಏನಾಗ್ತದೆ? ಅವಳು ಮೀನು ಮಾರುವವಳು. ನಾಳೆ ಜನ ಮರೀತಾರೆ. ಅಕ್ಕನ್ನ ನಾ ನೋಡ್ಕಳ್ತೆ, ನೀ ಸುಮ್ಮನಿರು." ಮೀನು ಮಾರುವವಳಿಗೂ ಒಂದು ಹೆಸರಿರುತ್ತದೆ, ಅದನ್ನು ನಂಬಿಯೇ ಮನೆಮನೆಯವರು ಅವಳ ಬುಟ್ಟಿಯನ್ನು ಇಳಿಸಿಕೊಳ್ಳುತ್ತಾರೆ ಎಂಬುದು ಆ ಬುಟ್ಟಿಯ ಪಕ್ಕದಲ್ಲೇ ಬೆಳೆದವನಿಗೆ ತಿಳಿಯದೆ? ಸಂಘದವರ ಬಳಿ ಹೋದೆ. ಅಂದು ಅಂಗಳದಲ್ಲಿ ನಕ್ಕವರ ಬಳಿ ಹೋದೆ. ಎಲ್ಲರೂ ತಲೆಯಾಡಿಸಿದರು. "ನಮಗೆ ಗೊತ್ತಿಲ್ವಾ ತಂಗಿ," ಎಂದರು, "ಆದರೆ ಪಾಲು ಕರೆಯುವವನ ಮೇಲೆ ಮಾತು ಹ್ಯಾಂಗೆ ಆಡೂದು?"

ಆ ವಾಕ್ಯ ನನ್ನೊಳಗೆ ಉಳಿಯಿತು.

ಕೆಲವು ವಾರಗಳ ನಂತರ ಕಡಲು ತಿಳಿಯಾಗಿ ರಾಂಪಣಿ ಬಿತ್ತು. ಒಳ್ಳೆಯ ಬೇಟೆ, ಬಂಗಡೆಯ ಬೆನ್ನುಗಳು ಬಿಸಿಲಿಗೆ ಮಿಂಚುತ್ತಿದ್ದವು. ಮಾವಶಿಯೂ ಬಂದಿದ್ದಳು, ಬಲಗೈಗೆ ಕಟ್ಟು, ಎಡಗೈಯಲ್ಲಿ ಖಾಲಿ ಬುಟ್ಟಿ. ಜನ ಅವಳೊಡನೆ ಮಾತಾಡುತ್ತಿದ್ದರು, ಆದರೆ ರೋಗಿಯೊಡನೆ ಮಾತಾಡುವ ಹಾಗೆ. ರಾಶಿಗಳು ಬಿದ್ದವು. ಮಾಮ ಎಂದಿನಂತೆ ಲುಂಗಿ ಮೇಲೆ ಕಟ್ಟಿ, ಬೆನ್ನು ಹಾಕಿ, ಕಡಲಿಗೆ ಮುಖ ಮಾಡಿ ನಿಂತ. ಕೋಲು ಹಿಡಿದಿದ್ದ ಹಿರಿಯರ ಬಳಿ ಹೋಗಿ ನಾನು ಕೈ ಚಾಚಿದೆ. ಅವರು ನನ್ನ ಇನ್ನೊಂದು ಕೈಯಲ್ಲಿದ್ದ ಗೋಣಿಚೀಲವನ್ನು ನೋಡಿದರು. ಏನೂ ಕೇಳದೆ ಕೋಲು ಕೊಟ್ಟರು.

ಕೊನೆಯ ರಾಶಿಯ ಮೀನನ್ನು ಪಕ್ಕಕ್ಕೆ ಸರಿಸಿ, ಅದರ ಜಾಗದಲ್ಲಿ ಸವೆದ ಶೂಗಳನ್ನೂ ಬಣ್ಣ ಬಳಿದ ಶಾಕ್‌ಅಬ್ಸಾರ್ಬರ್‌ಗಳನ್ನೂ ಒಂದೊಂದಾಗಿ ಇಟ್ಟೆ. ಹಸಿ ಮರಳು ಕಬ್ಬಿಣದ ಸದ್ದನ್ನು ನುಂಗಿತು. ಮೀನಿನ ನಡುವೆ ಮೀನೆಣ್ಣೆಯ ವಾಸನೆ ಬೇರೆಯಾಗಿ ತಿಳಿಯುವಂತಿರಲಿಲ್ಲ. ಊರಿಗೆ ಊರೇ ನೋಡುತ್ತಿತ್ತು.

"ಇದು ಯಾರಿಗೆ?" ಎಂದು ಮೊದಲ ರಾಶಿ ಮುಟ್ಟಿದೆ.

ದನಿ ಕೇಳಿ ಮಾಮ ನಕ್ಕ. "ಓಹೋ, ಇವತ್ತು ಪ್ರೊಫೆಸರ್ ಬಾಯಿ ಕೋಲು ಹಿಡಿದ್ರಾ? ದತ್ತಾಂಗೆ ಕೊಡು."

"ಇದು ಯಾರಿಗೆ?"

"ಸುಲೋಚನಕ್ಕಂಗೆ."

ಹೀಗೆ ಒಂದೊಂದೇ ಮನೆಯ ಹೆಸರು. ಒಂದೊಂದೇ ಬುಟ್ಟಿ ತುಂಬಿತು. ಯಾರಾದರೊಬ್ಬರು ಮಾತಾಡುತ್ತಾರೆ, 'ಪಾಂಡು, ತಿರುಗಿ ನೋಡು' ಎನ್ನುತ್ತಾರೆ ಎಂದು ಪ್ರತಿ ಕ್ಷಣ ಕಾಯುತ್ತಿದ್ದೆ. ಯಾರೂ ಅನ್ನಲಿಲ್ಲ. ಮಾವಶಿಯ ಪರವಾಗಿ ಬಾಯಿ ತೆರೆಯದ ಆ ಊರು ಅಂದು ಅವನ ಪರವಾಗಿಯೂ ಬಾಯಿ ತೆರೆಯಲಿಲ್ಲ.

ಕೊನೆಗೆ ಕಬ್ಬಿಣದ ರಾಶಿಯನ್ನು ಕೋಲಿನಿಂದ ಮುಟ್ಟಿದೆ. "ಇದು ಯಾರಿಗೆ?"

"ಉಳಿದದ್ದು ನಂದು," ಎಂದು ಮಾಮ ಪದ್ಧತಿಯ ಮಾತು ಹೇಳಿ, ಬುಟ್ಟಿಗೆಂದು ಕೈ ಚಾಚುತ್ತ ತಿರುಗಿದ.

ನೋಡಿದ. ಅವನ ಕೈ ಗಾಳಿಯಲ್ಲೇ ಉಳಿಯಿತು. ನಗಲು ಪ್ರಯತ್ನಿಸಿ ಸುತ್ತ ಕಣ್ಣಾಡಿಸಿದ. "ಏನು ನಾಟಕ ಇದು?" ಜತೆಗೂಡಿ ನಗುವವರು ಸಿಗಲಿಲ್ಲ. ಕಡೆಗೆ ಅವನ ಕಣ್ಣು ಅಕ್ಕನ ಮೇಲೆ ನಿಂತಿತು. ಮಾವಶಿ ತನ್ನ ಬುಟ್ಟಿಯನ್ನು ಮರಳಿನ ಮೇಲೆ ಇಳಿಸಿದಳು.

"ಮೂಸಿ ನೋಡು ಪಾಂಡು," ಎಂದಳು. "ಘಟ್ಟದಲ್ಲಿ ಮೂಸಿದೆಯಲ್ಲ, ಇಲ್ಲೂ ಮೂಸು."

ಅವನು ಬಗ್ಗಲಿಲ್ಲ. ಚಪ್ಪಲಿಯ ತುದಿಯಿಂದ ಒಂದಷ್ಟು ಮರಳನ್ನು ಆ ರಾಶಿಯ ಮೇಲೆ ಎರಚಿ, ನಮ್ಮೆಲ್ಲರ ನಡುವಿನಿಂದ ನಡೆದುಹೋದ. ಅಂದಿನಿಂದ ಅವನು ಪಾಲು ಕರೆಯಲು ಬಂದಿಲ್ಲ. ಊರೂ ಕರೆದಿಲ್ಲ.

ಇದನ್ನು ನ್ಯಾಯ ಎಂದು ಕರೆಯುವವರಿದ್ದಾರೆ. ನಾನು ಕರೆಯಲಾರೆ. ಮಾಮ ಇಂದಿಗೂ ಸಂಘದ ಕಾರ್ಯದರ್ಶಿ. ಸಂಘ ಇಂದಿಗೂ ಹೇಳುವ ಕಾರಣ ಮೀನೆಣ್ಣೆಯೇ. ಕುಬ್ಬೆಗಾಡಿಯನ್ನು ಬೇರೆಯವರಿಗೆ ಕೊಟ್ಟರು. ಈ ಬಾರಿ ಊರಿಗೆ ಬರುವಾಗ ಬಾಳೆಗುಳಿಯ ಕೂಡುರಸ್ತೆಯಲ್ಲಿ ಅದನ್ನು ಕಂಡೆ. ಎಳೆಯುತ್ತಿದ್ದ ಜೀಪು ನಿಂತಾಗ ಒಂದಿಷ್ಟೂ ತೂಗದೆ, ತಳ್ಳದೆ ತಾನೂ ನಿಂತಿತು. ಕಿಟಕಿಯಲ್ಲಿ ಮಾವಶಿ ಹೊಲಿದ ಪರದೆ ಹಾಗೆಯೇ ಇದೆ. ಅವಳ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದೆ. ಈಳಿಗೆಯ ಮೇಲೆ ಮೀನು ಹಿಡಿಯಲು ಆ ಕೈಗೆ ಬಲವಿಲ್ಲ. ನಾನು ಕೇಳುವುದು ದೊಡ್ಡದೇನಲ್ಲ. ಹಳೆಯದನ್ನು ಹೊಸದೆಂದವರು ಯಾರು, ಘಟ್ಟದ ಮುಂದೆ ನಿಂತಿದ್ದವನಿಗೆ ಬಾ ಎಂದವರು ಯಾರು ಎಂಬುದನ್ನು, ಯಾವ ಜನರೆದುರು ಅವಳ ಹೆಸರು ಕೂಗಿದರೋ ಅದೇ ಜನರೆದುರು, ಅದೇ ದನಿಯಲ್ಲಿ ಹೇಳಬೇಕು. ಕೂಗಿ ಹೇಳಿದ ಸುಳ್ಳನ್ನು ಮೌನದಿಂದ ಹಿಂದಕ್ಕೆ ಪಡೆಯಲು ಬರುವುದಿಲ್ಲ.

ಅಂಗಳ ದಾಟಿ ಒಳಗೆ ಹೋದೆ. ಮಾವಶಿಗೆ ದೋಣಿಯಿಲ್ಲ, ಎಣ್ಣೆ ಯಾವುದಕ್ಕೆ ಎಂದು ಅಚ್ಚರಿಪಡುತ್ತಲೇ ಸೂರಿನ ಕೆಳಗೆ ನೋಡಿದೆ. ಅವಳು ಮಣೆಯ ಮೇಲೆ ಕುಳಿತಿದ್ದಳು. ಎದುರಿಗೆ ಗೋಣಿಚೀಲದ ಮೇಲೆ ಆ ಬ್ರೇಕ್ ಶೂಗಳು, ಆ ಶಾಕ್‌ಅಬ್ಸಾರ್ಬರ್‌ಗಳು. ಎಡಗೈಯಲ್ಲಿ ತೆಂಗಿನ ಸಿಪ್ಪೆಯ ಕುಂಚ ಹಿಡಿದು, ಸಂದುಗೊಂದು ಬಿಡದೆ ಎಣ್ಣೆ ಬಳಿಯುತ್ತಿದ್ದಳು.

"ಇದನ್ನು ಇನ್ನೂ ಇಟ್ಟುಕೊಂಡಿದ್ದೀಯಾ?" ಎಂದೆ. "ಯಾಕೆ ಮಾವಶಿ?"

"ಹೆಸರು ಬಿದ್ದ ಪಾಲು ಬಾಯ್, ನಾವು ಬಿಸಾಕೂಕೆ ಬರೂದಿಲ್ಲ," ಎಂದಳು ಅವಳು, ತಲೆ ಎತ್ತದೆ. "ಅವ ಬಂದು ಒಯ್ಯೂವರೆಗೆ ತುಕ್ಕು ಹಿಡೀಬಾರದು."